1973ರ ವೇಷ ತೊಟ್ಟ 1983ರ ಕಾರು

ಪೋರ್ಷೆ 911 ಕಾರಿನ ಬೆನ್ನು ಹತ್ತಿದವರಲ್ಲಿ ಒಂದು ರೂಢಿಯಿದೆ. 1983ರಲ್ಲೋ 1987ರಲ್ಲೋ ತಯಾರಾದ, ಇನ್ನೂ ಗಟ್ಟಿಮುಟ್ಟಾಗಿರುವ ಕಾರೊಂದನ್ನು ಕೊಂಡು, ಅದರ ಬಂಪರು, ಮುಂದಿನ ಮುಚ್ಚಳ, ಮುಂದಿನ ಮಡ್‌ಗಾರ್ಡುಗಳನ್ನೆಲ್ಲ ಕಳಚಿ, 1973 ಅಥವಾ ಅದಕ್ಕೂ ಹಿಂದಿನ ಮಾದರಿಯ ಭಾಗಗಳನ್ನು ಜೋಡಿಸಿ, ನೋಡಿದವರು ಹತ್ತು ಹದಿನೈದು ವರ್ಷ ಹೆಚ್ಚು ಹಳೆಯದೆಂದೇ ತಿಳಿಯುವಂತೆ ಮಾಡುವುದು ಆ ರೂಢಿ. ಅವರು ಇದನ್ನು ಬ್ಯಾಕ್‌ಡೇಟಿಂಗ್ ಎಂದು ಕರೆಯುತ್ತಾರೆ. ಹಳೆಯ ಗಾಡಿಯನ್ನು ಹೊಸದಾಗಿ ಕಾಣಿಸಲು ಜನ ಹಣ ಸುರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಹೊಸದನ್ನು ಹಳೆಯದಾಗಿ ಕಾಣಿಸಲು ಅದಕ್ಕಿಂತ ಹೆಚ್ಚು ಸುರಿಯುವವರ ಮನಸ್ಸು ಅರ್ಥವಾಗಬೇಕಾದರೆ ಆ ಕಾರಿನ ಚರಿತ್ರೆಯನ್ನು ಸ್ವಲ್ಪ ತಿಳಿದಿರಬೇಕು.

1963ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಈ ಕಾರು 901 ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು. ನಡುವೆ ಸೊನ್ನೆ ಬರುವ ಮೂರಂಕಿಯ ಹೆಸರುಗಳ ಹಕ್ಕು ಫ್ರಾನ್ಸಿನಲ್ಲಿ ತನ್ನದೆಂದು ಪ್ಯೂಜೊ ಕಂಪನಿ ತಕರಾರು ತೆಗೆದದ್ದರಿಂದ ಮರುವರ್ಷ ಅದು 911 ಆಯಿತು. ಗಾಳಿಯಿಂದಲೇ ತಣಿಯುವ ಆರು ಸಿಲಿಂಡರಿನ ಎಂಜಿನ್ ಹಿಂದೆ, ಸಾಮಾನಿಡುವ ಡಿಕ್ಕಿ ಮುಂದೆ. ಈ ಕಾರಿನ ನಿಜವಾದ ವೈಶಿಷ್ಟ್ಯವೆಂದರೆ ಅದು ಬದಲಾಗಲು ಒಪ್ಪದೆ ನಿಂತದ್ದು. ಛಾವಣಿಯ ಬಾಗು, ಗಾಜುಗಳ ಆಕಾರ, ಬಾಗಿಲು, ಚಾಲಕನ ಎದುರಿಗಿರುವ ಐದು ದುಂಡು ಮೀಟರುಗಳ ಸಾಲು, ಇವೆಲ್ಲ ಮೊದಲ ವರ್ಷಗಳಿಂದ 1989ರವರೆಗೆ, ಕೆಲವು ಅದರ ನಂತರವೂ, ಹೆಚ್ಚುಕಡಿಮೆ ಹಾಗೆಯೇ ಉಳಿದವು. ಬೇರೆ ಯಾವುದೇ ಕಾರಿನಲ್ಲಿ ಹದಿನೈದು ವರ್ಷದ ಅಂತರವನ್ನು ಬರೀ ಮೂತಿ ಮತ್ತು ಬಾಲ ಬದಲಿಸಿ ಮುಚ್ಚಲು ಹೊರಟರೆ ನಗೆಪಾಟಲಾಗುತ್ತದೆ. ಇಲ್ಲಿ ನಡುವಿನ ಒಡಲು ಒಂದೇ ಆದ್ದರಿಂದ ಅದು ಸಾಧ್ಯವಾಯಿತು.

ಎಲ್ಲರೂ ಹಂಬಲಿಸುವ ರೂಪ ಮುಖ್ಯವಾಗಿ ಒಂದೇ ಕಾರಿನದು. 1972ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ತೋರಿಸಿದ, 1973ರ ಮಾದರಿಯಾದ ಕರೆರಾ ಆರ್‌ಎಸ್ 2.7, 210 ಅಶ್ವಶಕ್ತಿಯ ಕಾರು. ಅದರ ಹಗುರ ಆವೃತ್ತಿಯ ತೂಕ 960 ಕಿಲೋಗ್ರಾಂ. ಹಿಂದಿನ ಮುಚ್ಚಳದ ಮೇಲೆ ಬಾಗಿ ಎದ್ದ ಪುಟ್ಟ ಸ್ಪಾಯ್ಲರಿನಿಂದಾಗಿ ಅದಕ್ಕೆ ಬಾತುಕೋಳಿ ಬಾಲದ ಕಾರೆಂದು ಹೆಸರು ಬಂತು. ಪಂದ್ಯಗಳಲ್ಲಿ ಭಾಗವಹಿಸುವ ಮಾನ್ಯತೆಗೆ 500 ಕಾರುಗಳು ಸಾಕಾಗಿದ್ದವು. ಬೇಡಿಕೆ ಎಷ್ಟು ಏರಿತೆಂದರೆ ಒಟ್ಟು 1580 ತಯಾರಾದವು. ಇಂದು ಅಸಲಿ ಆರ್‌ಎಸ್ ಒಂದರ ಬೆಲೆ ನಮ್ಮ ಲೆಕ್ಕದಲ್ಲಿ ಕೋಟಿಗಳಲ್ಲಿದೆ. ಅದನ್ನು ಕೊಳ್ಳಲಾಗದವರು, ಅಥವಾ ಕೊಂಡರೂ ಮಳೆಯಲ್ಲಿ ಹೊರಗೆ ತೆಗೆಯಲು ಎದೆ ಬಾರದವರು, ಈ ಮಾರ್ಗ ಹಿಡಿದರು.

ಅದರ ಮರುವರ್ಷದ ಮಾದರಿಯಿಂದಲೇ ಕಾರಿನ ಮುಖ ಬದಲಾದದ್ದಕ್ಕೆ ಕಾರಣ ಜರ್ಮನಿಯ ವಿನ್ಯಾಸಕಾರರ ಮನಸ್ಸಲ್ಲ, ಅಮೆರಿಕದ ಕಾನೂನು. ಗಂಟೆಗೆ 5 ಮೈಲಿ ವೇಗದಲ್ಲಿ ಗೋಡೆಗೆ ಗುದ್ದಿದರೂ ದೀಪ ಮೊದಲಾದ ಸುರಕ್ಷತೆಯ ಭಾಗಗಳು ಕೆಡಬಾರದೆಂದು ಆ ದೇಶ 1970ರ ದಶಕದ ಆರಂಭದಲ್ಲಿ ನಿಯಮ ತಂದಿತು. ಅಮೆರಿಕದ ಮಾರುಕಟ್ಟೆಯನ್ನು ಬಿಟ್ಟು ಬದುಕುವ ಸ್ಥಿತಿಯಲ್ಲಿ ಯುರೋಪಿನ ಹೆಚ್ಚಿನ ಸ್ಪೋರ್ಟ್ಸ್ ಕಾರಿನ ಕಂಪನಿಗಳು ಇರಲಿಲ್ಲ. ಪೋರ್ಷೆ ತನ್ನ 1974ರ ಮಾದರಿಗೆ ದಪ್ಪನೆಯ ಅಲ್ಯೂಮಿನಿಯಂ ಬಂಪರು ಕೊಟ್ಟು, ಒತ್ತಿದಾಗ ಒಳಸರಿಯುವಂತೆ ಅದರ ಎರಡು ಬದಿಗೆ ಮಡಿಕೆ ಮಡಿಕೆಯಾದ ರಬ್ಬರು ಕೂಡಿಸಿತು. ಬ್ರಿಟನ್ನಿನ ಎಂಜಿಬಿಯ ಗತಿ ಇದಕ್ಕಿಂತ ಕೆಟ್ಟದಾಯಿತು: 1962ರಿಂದ ಹೊಳೆಯುವ ಕ್ರೋಮ್ ಬಂಪರಿನೊಡನೆ ಬಂದ ಆ ಚೆಂದದ ಕಾರಿಗೆ 1974ರ ಕೊನೆಯ ಭಾಗದಲ್ಲಿ ಕಪ್ಪು ರಬ್ಬರಿನ ಮೂತಿ ಅಂಟಿಸಿದ್ದಲ್ಲದೆ, ನಿಯಮದ ಎತ್ತರ ಮುಟ್ಟಿಸಲು ಇಡೀ ಕಾರನ್ನೇ ಮೇಲೆತ್ತಿದರು, 1980ರಲ್ಲಿ ತಯಾರಿಕೆ ನಿಲ್ಲುವವರೆಗೂ ಅದು ಹಾಗೆಯೇ ಇತ್ತು. ಜಾಗ್ವಾರ್ ಇ-ಟೈಪಿನ ದೀಪಗಳನ್ನು ಮುಚ್ಚುತ್ತಿದ್ದ ಗಾಜು ಕೂಡ ಅಮೆರಿಕದ ಇನ್ನೊಂದು ನಿಯಮದಿಂದಾಗಿ 1960ರ ದಶಕದ ಕೊನೆಯಲ್ಲಿ ಹೋಯಿತು. ಈಗ ಎಂಜಿಬಿಗೆ ಮರಳಿ ಕ್ರೋಮ್ ಹಾಕಿ ಎತ್ತರ ತಗ್ಗಿಸುವವರು, ಇ-ಟೈಪಿಗೆ ಮರಳಿ ಗಾಜು ಕೂರಿಸುವವರು, 911ರ ಬಂಪರು ಕಳಚುವವರು ಎಲ್ಲರೂ ಒಂದೇ ಮಾತು ಹೇಳುತ್ತಾರೆ: ನಾವು ಕಾರನ್ನು ಕೆಡಿಸುತ್ತಿಲ್ಲ, ಕೆಟ್ಟದ್ದನ್ನು ಸರಿ ಮಾಡುತ್ತಿದ್ದೇವೆ. ಎಂಜಿಬಿಯ ಮಟ್ಟಿಗೆ ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. 911ರ ಮಟ್ಟಿಗೆ ಅರ್ಧ ಮಾತ್ರ, ಏಕೆಂದರೆ ಆ ಬಂಪರು ಹೊರಗಿನ ಒತ್ತಾಯದಿಂದ ಬಂದರೂ ಅದನ್ನು ರೂಪಿಸಿದವರು ಕೆಲಸ ಬಲ್ಲವರು. ಹದಿನೈದು ವರ್ಷ ಅದು ಯಾರ ಕಣ್ಣಿಗೂ ಚುಚ್ಚಲಿಲ್ಲ.

ಹಾಗಿದ್ದರೆ 1973ಕ್ಕೂ ಹಿಂದಿನ ಸಾಧಾರಣ 911 ಒಂದನ್ನೇ ಹುಡುಕಿ ಕೊಳ್ಳಬಾರದೇಕೆ ಎಂದು ಕೇಳಬಹುದು. ಬೆಲೆಯ ಮಾತು ಒಂದಾದರೆ ತುಕ್ಕಿನದು ಇನ್ನೊಂದು. ಮೊದಲ ದಶಕದ ಕಾರುಗಳ ತಳ, ಬಾಗಿಲ ಕೆಳಗಿನ ಪಟ್ಟಿ, ಬ್ಯಾಟರಿಯ ಸುತ್ತಲಿನ ಜಾಗಗಳು ಒಳಗೊಳಗೇ ತಿಂದುಹೋಗುತ್ತಿದ್ದವು. 1976ರ ಮಾದರಿಯಿಂದ ಪೋರ್ಷೆ ಎರಡೂ ಬದಿ ಸತು ಲೇಪಿಸಿದ ಉಕ್ಕಿನಿಂದ ಬಾಡಿ ಕಟ್ಟತೊಡಗಿತು. 1978ರಿಂದ 1983ರವರೆಗಿನ ಎಸ್‌ಸಿ ಮತ್ತು 1984ರಿಂದ 1989ರವರೆಗಿನ ಕರೆರಾ 3.2 ಕಾರುಗಳು ಇಷ್ಟು ವರ್ಷ ಕಳೆದರೂ ಗಟ್ಟಿಯಾಗಿರುವುದಕ್ಕೆ ಇದು ದೊಡ್ಡ ಕಾರಣ. 3.0 ಮತ್ತು 3.2 ಲೀಟರಿನ ಅವುಗಳ ಎಂಜಿನ್ನುಗಳೂ ಬಹಳ ಬಾಳಿಕೆಯವು. ಒಳಗೆ ಇವುಗಳ ಗುಣ, ಹೊರಗೆ ಆರ್‌ಎಸ್‌ನ ಚೆಲುವು ಎಂಬ ಆಸೆ ಅತಿಯಾಸೆಯೆಂದು ನನಗೆ ಅನಿಸುವುದಿಲ್ಲ.

ಕೆಲಸದ ವಿವರ ಹೀಗಿದೆ. ಹಳೆಯ ಕಾರಿನಲ್ಲಿ ಮುಂದಿನ ಮುಚ್ಚಳ ಮೂತಿಯ ತುದಿಯವರೆಗೆ ಇಳಿಯುತ್ತಿತ್ತು. 1974ರಿಂದ ದಪ್ಪ ಬಂಪರಿಗೆ ಜಾಗ ಬೇಕಾದ್ದರಿಂದ ಅದನ್ನು ಗಿಡ್ಡ ಮಾಡಿದರು. ಹೀಗಾಗಿ ಮೊದಲು ಬೇಕಾದದ್ದು ಉದ್ದದ ಮುಚ್ಚಳ, ಅದರ ಚಿಲಕ ಕೂರುವ ಅಡ್ಡಪಟ್ಟಿ, ಹಾರನ್ನಿನ ಜಾಲರಿಗೆ ಜಾಗವಿರುವ ಹಳೆಯ ಆಕಾರದ ಮಡ್‌ಗಾರ್ಡುಗಳು. 911ರ ಮುಂದಿನ ಮಡ್‌ಗಾರ್ಡುಗಳನ್ನು ಬೋಲ್ಟಿನಿಂದ ಬಿಗಿದಿರುವುದರಿಂದ ಅವನ್ನು ಬಿಚ್ಚಿ ಬೇರೆಯದನ್ನು ಹಾಕುವುದು ಸುಲಭ. ಅಡ್ಡಪಟ್ಟಿಯನ್ನು ಮಾತ್ರ ಕತ್ತರಿಸಿ ಬೆಸೆಯಬೇಕು. ಹಿಂದಿನ ಮಡ್‌ಗಾರ್ಡುಗಳು ಬಾಡಿಗೇ ಬೆಸುಗೆಯಾದವು. ಎಸ್‌ಸಿಯಲ್ಲಿ ಅವು ಅಗಲವಾಗಿ ಉಬ್ಬಿರುವುದರಿಂದ 1970ರ ಸಾಧಾರಣ ಕಾರಿನ ತೆಳು ಸೊಂಟ ಬೇಕೆಂದರೆ ದೊಡ್ಡ ಶಸ್ತ್ರಕ್ರಿಯೆಯೇ ಆಗಬೇಕು. ಹಿಂಬದಿ ಉಬ್ಬಿದ್ದ ಆರ್‌ಎಸ್‌ನ ರೂಪಕ್ಕೆ ಹೆಚ್ಚಿನವರು ಹೋಗಲು ಅದೂ ಒಂದು ಕಾರಣ. ಇನ್ನು ಹಿಂದಿನ ದೀಪಗಳ ನಡುವೆ 1974ರಿಂದ ಬಂದ ಕೆಂಪು ಪಟ್ಟಿಯನ್ನು ತೆಗೆಯುವುದು, ಕ್ರೋಮ್ ಕನ್ನಡಿ, ಹದಿನೈದು ಅಂಗುಲದ ಫುಕ್ಸ್ ಚಕ್ರ, ಇವೆಲ್ಲ ದುಡ್ಡಿದ್ದರೆ ಆಗುವ ಕೆಲಸ.

ತುಮಕೂರಿನ ಬಿ.ಎಚ್. ರಸ್ತೆಯ ಬದಿಯ ಶೆಡ್ಡಿನಲ್ಲಿ ಬಹುಕಾಲದಿಂದ ಟಿಂಕರಿಂಗ್ ಮಾಡುತ್ತಿರುವ ಮೇಸ್ತ್ರಿಯೊಬ್ಬರಿಗೆ ಇಂಥ ಕಾರುಗಳ ಚಿತ್ರಗಳನ್ನು ತೋರಿಸಿದೆ. ಅವರು ಕಾರಿನ ಅಂದವನ್ನು ನೋಡಲೇ ಇಲ್ಲ. ಚಿತ್ರವನ್ನು ಹಿಗ್ಗಿಸಿ ಮುಚ್ಚಳದ ಅಂಚನ್ನೇ ದಿಟ್ಟಿಸಿದರು. “ಬಣ್ಣ ಯಾರು ಬೇಕಾದ್ರೂ ಹೊಡೀತಾರೆ ಸ್ವಾಮಿ, ಸಂದು ಒಂದೇ ಸಮ ಬರ್ಬೇಕು, ಅಲ್ಲೈತೆ ಕೆಲಸ” ಎಂದರು. ಫೈಬರಿನ ಮುಚ್ಚಳ ಅಗ್ಗ, ಹಗುರ. ಆದರೆ ಅದು ಬಿಸಿಲಿಗೆ ಅಲ್ಪಸ್ವಲ್ಪ ತಿರುಚಿಕೊಂಡರೂ ಸಂದು ಒಂದು ಕಡೆ ಬೆರಳು ಹೋಗುವಷ್ಟು, ಇನ್ನೊಂದು ಕಡೆ ಉಗುರೂ ಹೋಗದಷ್ಟು ಆಗಿಬಿಡುತ್ತದೆ, ಅದನ್ನು ಪುಟ್ಟಿ ಹಾಕಿ ಮುಚ್ಚಿದರೆ ಎರಡು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ ಎಂಬುದು ಅವರ ಅಭಿಪ್ರಾಯ. ತಗಡಿನ ಭಾಗಕ್ಕೆ ಹೆಚ್ಚು ಕೊಡುವುದೇ ಲಾಭವೆಂದು ಅವರಂತೆ ನಾನೂ ನಂಬುತ್ತೇನೆ. ಇನ್ನೊಂದು ವಿಷಯವನ್ನು ಈ ಕೆಲಸ ಮಾಡಿಸುವವರು ಅಷ್ಟಾಗಿ ಎತ್ತುವುದಿಲ್ಲ: ಗುದ್ದನ್ನು ತಡೆಯಲೆಂದೇ ಇದ್ದ ಬಂಪರನ್ನು ತೆಗೆದು ತೆಳುವಾದ ಫೈಬರನ್ನು ಅದರ ಜಾಗದಲ್ಲಿ ಕೂರಿಸಿದರೆ ಬಂಪರಿನ ಆಕಾರ ಮಾತ್ರ ಬಂದಿರುತ್ತದೆ, ಬಂಪರು ಬಂದಿರುವುದಿಲ್ಲ.

ಎಷ್ಟೇ ಚೆನ್ನಾಗಿ ಮಾಡಿದರೂ ಬಲ್ಲವರ ಕಣ್ಣು ಮೊದಲು ಹೋಗುವುದು ಚಕ್ರಗಳ ಅಂತರದ ಮೇಲೆ. 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿಲಿಮೀಟರು ಹಿಂದಕ್ಕೆ ಸರಿಸಲಾಯಿತು. ಆದ್ದರಿಂದ 1980ರ ದಶಕದ ಕಾರು 1969ರಿಂದ 1973ರವರೆಗಿನ ವೇಷ ತೊಡಬಲ್ಲುದೇ ಹೊರತು 1965ರದನ್ನು ತೊಡಲಾರದು. ಎಣ್ಣೆಯ ಮುಚ್ಚಳದ ಕತೆ ಇನ್ನೂ ಸೊಗಸಾಗಿದೆ. 1972ರ ಮಾದರಿಯಲ್ಲಿ ಮಾತ್ರ ಎಂಜಿನ್ ಆಯಿಲ್ ತುಂಬುವ ಬಾಯನ್ನು ಬಲಬಾಗಿಲ ಹಿಂದೆ, ಹೊರಗಿನಿಂದಲೇ ತೆರೆಯುವಂತೆ ಇಟ್ಟಿದ್ದರು. ಪೆಟ್ರೋಲ್ ಬಂಕಿನವರು ಅದನ್ನೇ ಪೆಟ್ರೋಲಿನ ಬಾಯೆಂದು ತಿಳಿದು ಸುರಿಯತೊಡಗಿದ್ದರಿಂದ ಒಂದೇ ವರ್ಷಕ್ಕೆ ಅದನ್ನು ಕೈಬಿಟ್ಟರು. ಹೀಗೆ ಕೈಬಿಟ್ಟ ಆ ಮುಚ್ಚಳವನ್ನು ಇಂದು ಹಣ ಕೊಟ್ಟು ಹೊಸದಾಗಿ ಕತ್ತರಿಸಿ ಇಡಿಸಿಕೊಳ್ಳುವವರಿದ್ದಾರೆ.

ಈ ಕಸುಬನ್ನು ಐಷಾರಾಮದ ತುದಿಗೆ ಒಯ್ದವರು ಕ್ಯಾಲಿಫೋರ್ನಿಯಾದ ಸಿಂಗರ್ ಎಂಬ ಸಂಸ್ಥೆಯವರು. ಹಿಂದೆ ರಾಕ್ ಗಾಯಕರಾಗಿದ್ದ ರಾಬ್ ಡಿಕಿನ್ಸನ್ 2009ರಲ್ಲಿ ಕಟ್ಟಿದ ಈ ಸಂಸ್ಥೆ, 1989ರಿಂದ 1994ರವರೆಗಿನ, 964 ಎಂಬ ಒಳಹೆಸರಿನ 911 ಕಾರುಗಳನ್ನು ಬಿಚ್ಚಿ, ಕಾರ್ಬನ್ ಫೈಬರಿನ ಹೊರಮೈ ತೊಡಿಸಿ, 1970ರ ಸುಮಾರಿನ ರೂಪ ಕೊಡುತ್ತದೆ. ತಾನು ಕಾರು ತಯಾರಿಸುವುದಿಲ್ಲ, ಗ್ರಾಹಕರ ಪೋರ್ಷೆಯನ್ನು ಪುನರ್ರೂಪಿಸುತ್ತೇನೆ ಎಂದು ಅದು ಸ್ಪಷ್ಟವಾಗಿ ಹೇಳಿಕೊಳ್ಳುತ್ತದೆ. ಪೋರ್ಷೆಯೂ ಸುಮ್ಮನೆ ಕುಳಿತಿಲ್ಲ: 2022ರಲ್ಲಿ ಬಾತುಕೋಳಿ ಬಾಲವಿರುವ ಸ್ಪೋರ್ಟ್ ಕ್ಲಾಸಿಕ್ ಎಂಬ ಹೊಸ 911 ಅನ್ನು 1250ರ ಮಿತಿಯಲ್ಲಿ ಹೊರತಂದಿತು. ಅಸಲಿ ಕಂಪನಿಯೇ ತನ್ನ ಹಳೆಯ ಬಟ್ಟೆ ಹೊಲಿದು ಮಾರುವಾಗ ಗ್ಯಾರೇಜಿನವನನ್ನು ನಕಲಿಗಾರನೆಂದು ಹೀಗಳೆಯುವುದು ನ್ಯಾಯವಲ್ಲ.

ನನ್ನ ತಕರಾರು ರೂಪದ ಬಗ್ಗೆ ಅಲ್ಲ, ರೂಪದ ಹಿಂದೆ ನುಸುಳುವ ಕಾಗದದ ಬಗ್ಗೆ. ತುಮಕೂರು ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಇದ್ದ ಊರು. ಆ ಕಾರ್ಖಾನೆ ಮುಚ್ಚಿದ ಮೇಲೆ, ಎಲ್ಲೋ ಮುದ್ರಿಸಿದ ಹೊಸ ಡಯಲ್ಲನ್ನು ಹಳೆಯ ಯಂತ್ರದ ಮೇಲೆ ಕೂರಿಸಿ ‘ಅಪರೂಪದ ಪೈಲಟ್’ ಎಂದು ಮಾರುವ ವ್ಯಾಪಾರ ಬೆಳೆದದ್ದನ್ನು ಇಲ್ಲಿನವರು ಬಲ್ಲರು. ಅಂದದ ಡಯಲ್ ಹಾಕಿಸಿಕೊಂಡು ಕಟ್ಟಿಕೊಳ್ಳುವವನದು ತಪ್ಪಲ್ಲ. ಹೇಳದೆ ಮಾರುವವನದು ತಪ್ಪು. ಆರ್‌ಎಸ್‌ನ ವಿಷಯವೂ ಹಾಗೆಯೇ. ಅಸಲಿ ಆರ್‌ಎಸ್‌ನ ಚಾಸಿ ನಂಬರು 911360 ಎಂದು ಆರಂಭವಾಗುತ್ತದೆ, ಎಂಜಿನ್ ಮತ್ತು ಗೇರ್‌ಬಾಕ್ಸಿನ ನಂಬರುಗಳು ಕಾರ್ಖಾನೆಯ ದಾಖಲೆಗೆ ಹೊಂದಬೇಕು. ಎಸ್‌ಸಿಗೆ ಆರ್‌ಎಸ್‌ನ ಬಾಲ ಬರಬಹುದು. ಆ ಆರಂಕಿ ಬಂದರೆ ಅದು ವಂಚನೆ.

ನಮ್ಮ ಜಿಲ್ಲೆಯಲ್ಲಿ ಇದೇ ಕೆಲಸ ಎರಡು ಚಕ್ರದ ಮೇಲೆ ನಡೆಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನು, ಆಮೇಲೆ ಯೆಜ್ಡಿ ಹೆಸರಿನವನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಕ್ರೋಮ್ ಬದಿಯ ಟ್ಯಾಂಕು, ಅದರ ಮೇಲೆ ಮೊಣಕಾಲಿಗೆ ರಬ್ಬರು, ಸ್ಪೀಡೋಮೀಟರನ್ನು ಒಳಗೊಂಡ ದೀಪದ ಮನೆ, ಹೀಗಿದ್ದ ಹಳೆಯ ಜಾವಾ ಸಿಗುವುದು ಕಷ್ಟ. ಯೆಜ್ಡಿಯ ರೋಡ್‌ಕಿಂಗ್ ಇನ್ನೂ ಸಿಗುತ್ತದೆ. ಕಿಕ್ಕರಿಗೂ ಗೇರಿಗೂ ಒಂದೇ ಲಿವರು ಎಂಬ ಆ ವಿಚಿತ್ರ ಏರ್ಪಾಡು ಎರಡರಲ್ಲೂ ಇರುವುದರಿಂದ ರೋಡ್‌ಕಿಂಗಿಗೆ ಜಾವಾದ ಟ್ಯಾಂಕು, ದೀಪ ಕೂಡಿಸಿ ಕೆಂಗಂದು ಬಣ್ಣ ಹೊಡೆಸುವ ಆಸೆ ಹುಡುಗರಿಗೆ ಹುಟ್ಟುತ್ತದೆ. ನನ್ನ ಅಕ್ಕನ ಮಗ “ಮಾವ, ನಮ್ಮ ರೋಡ್‌ಕಿಂಗನ್ನ ಜಾವಾ ಮಾಡ್ಸೋಣ್ವಾ?” ಎಂದು ಕೇಳಿದ್ದೇ ಈ ಬರಹಕ್ಕೆ ಪ್ರೇರಣೆ.

ಅವನಿಗೆ ನಾನು ಮೊದಲು ಹೇಳಿದ್ದು ಕಾನೂನನ್ನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಇದಲ್ಲದೆ 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ, 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ದೊಡ್ಡ ಮಾರ್ಪಾಡಿಗೆ ಒಳಗಾಗದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ಅವಕಾಶ ಕೊಡುತ್ತದೆ. ವಿಚಾರ ಮಾಡಿ ನೋಡಿದರೆ ಇಲ್ಲೊಂದು ತಮಾಷೆಯಿದೆ. ದಪ್ಪ ಬಂಪರಿನ ಮೊದಲ 911ಗಳು 1974ರವು. ಅವೂ ಈಗ 50 ದಾಟಿವೆ. ಹಳೆಯದಾಗಿ ಕಾಣಲೆಂದು ಅವುಗಳ ಬಂಪರು ಕಿತ್ತವರ ಕಾರು ಇಂಥ ನಿಯಮದ ಎದುರು ಹಳೆಯ ಕಾರೆನಿಸಿಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳುತ್ತದೆ.

ಎಸ್‌ಸಿ ಮತ್ತು 3.2 ಕಾರುಗಳು ಅಗ್ಗವಾಗಿದ್ದಾಗ ಅವನ್ನು ಕತ್ತರಿಸಲು ಯಾರಿಗೂ ಕೈ ನಡುಗಲಿಲ್ಲ. ಈಗ ಅವುಗಳ ಬೆಲೆಯೂ ಏರಿದೆ; ಮೂಲ ಬಣ್ಣ, ಮೂಲ ಎಂಜಿನ್ ಉಳಿಸಿಕೊಂಡ ಕಾರನ್ನು ಈ ಕೆಲಸಕ್ಕೆ ಒಡ್ಡುವುದು ಇಂದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯವಹಾರ. ಅಪಘಾತದಲ್ಲಿ ಮುಂಭಾಗ ಜಜ್ಜಿಹೋದದ್ದೋ, ಹಿಂದೆಯೇ ಯಾರೋ ಬದಲಿಸಿ ಕೆಡಿಸಿದ್ದೋ ಸಿಕ್ಕರೆ ಅದಕ್ಕೆ 1973ರ ಮುಖ ಕೊಡುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. ಬೋಲ್ಟಿನಿಂದ ಬಿಚ್ಚಬಹುದಾದಷ್ಟನ್ನೇ ಬಿಚ್ಚಿ, ತೆಗೆದ ಬಂಪರು, ಮುಚ್ಚಳ, ಮಡ್‌ಗಾರ್ಡುಗಳನ್ನು ಗುಜರಿಗೆ ಹಾಕದೆ ಕಾರಿನ ಜೊತೆಗೇ ಮುಂದಿನ ಮಾಲೀಕನಿಗೆ ಒಪ್ಪಿಸಿ, ಏನೇನು ಬದಲಾಯಿತೆಂಬ ಪಟ್ಟಿಯನ್ನು ಕಾಗದಪತ್ರಗಳೊಡನೆ ಇಡಬೇಕು. ಅಕ್ಕನ ಮಗನ ರೋಡ್‌ಕಿಂಗ್ ಮೂಲ ಟ್ಯಾಂಕಿನೊಡನೆಯೇ ಇರುವುದರಿಂದ ಅದನ್ನು ಮುಟ್ಟಬೇಡವೆಂದು ಹೇಳಿದ್ದೇನೆ. ಅವನು ಇನ್ನೂ ಒಪ್ಪಿಲ್ಲ.