"ಮಕ್ಕಳೇ ಇಲ್ಲದ ಸ್ಕೂಲಿಗೆ ಮಗಳನ್ನ ಯಾಕೆ ಹಾಕಿದ್ರಿ?"

ನಾವಿರುವುದು ಬೆಂಗಳೂರಿನಲ್ಲಿ. ಮಗಳು ನಮ್ಮ ಬೀದಿಯ ಕೊನೆಯಲ್ಲಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡನೇ ಕ್ಲಾಸು. ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಅಲ್ಲಿ ಮಕ್ಕಳೇ ಇಲ್ವಲ್ಲ? ಪಾಠ ಚೆನ್ನಾಗಿದ್ದಿದ್ರೆ ಜನ ಯಾಕೆ ಬಿಟ್ಟು ಹೋಗ್ತಿದ್ರು?"

ಪಾಠ ಕೆಟ್ಟಿತು, ಅದಕ್ಕೇ ಮಕ್ಕಳು ಹೋದರು ಅಂದುಕೊಳ್ಳುತ್ತೇವೆ. ನಾನು ಕಂಡದ್ದು ಇದರ ಉಲ್ಟಾ. ಮೊದಲು ಮಕ್ಕಳು ಹೋಗುತ್ತಾರೆ, ಆಮೇಲೆ ಟೀಚರ್ ಹೋಗುತ್ತಾರೆ, ಪಾಠ ಸೊರಗುವುದು ಅದಾದ ಮೇಲೆ.

ಲೆಕ್ಕ ನೋಡಿ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಒಂದರಿಂದ ಐದನೇ ಕ್ಲಾಸಿನವರೆಗೆ ಒಟ್ಟು 60 ಮಕ್ಕಳವರೆಗೂ ಇಬ್ಬರೇ ಟೀಚರ್. 61 ಆದರೆ ಮೂವರು, 91 ಆದರೆ ನಾಲ್ವರು. ಕ್ಲಾಸಿಗೊಬ್ಬರು ಬೇಕೆಂದರೆ 121 ಮಕ್ಕಳಾಗಬೇಕು. ನಮ್ಮ ಶಾಲೆಯಲ್ಲಿರುವುದು 53. ಒಬ್ಬ ಟೀಚರ್‌ಗೆ ತರಬೇತಿಯೋ ಸಮೀಕ್ಷೆಯೋ ಬಂತು ಅಂದರೆ ಇನ್ನೊಬ್ಬರೇ ಐದೂ ಕ್ಲಾಸು ನೋಡಬೇಕು. ಅದನ್ನು ನೋಡಿ ಇನ್ನೆರಡು ಮನೆಯವರು ಟಿಸಿ ತಗೊಳ್ಳುತ್ತಾರೆ.

ಮೊದಲು ಯಾಕೆ ಹೋದರು ಅಂದರೆ, ಇಂಗ್ಲಿಷ್. ಅದಕ್ಕಿಂತ ಜಾಸ್ತಿ, ಎಲ್‌ಕೆಜಿ. ಇಲ್ಲಿ ಸೇರುವುದೇ ಒಂದನೇ ಕ್ಲಾಸಿಗೆ. ಅಷ್ಟರಲ್ಲಿ ಮಗು ಪಕ್ಕದ ಕಾನ್ವೆಂಟಿನಲ್ಲಿ ಎರಡು ವರ್ಷ ಕಳೆದು, ಗೆಳೆಯರನ್ನೂ ಮಾಡಿಕೊಂಡಿರುತ್ತದೆ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ನಮ್ಮದು ಆ ಪಟ್ಟಿಯಲ್ಲಿರಲಿಲ್ಲ.

ಪಾಠದ ವಿಷಯಕ್ಕೆ ಬರುತ್ತೇನೆ. ಒಂದರಿಂದ ಮೂರನೇ ಕ್ಲಾಸಿನವರು ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ ಕೂರುತ್ತಾರೆ. ಎಚ್.ಡಿ.ಕೋಟೆಯಲ್ಲಿ 1995ರಲ್ಲಿ ಶುರುವಾದ ಪದ್ಧತಿ ಇದು. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವಷ್ಟು ಎತ್ತರಕ್ಕೆ ಕಪ್ಪು ಪಟ್ಟಿ, ಒಬ್ಬೊಬ್ಬರಿಗೂ ಒಂದೊಂದು ಜಾಗ. ಪಾಠವೆಲ್ಲ ಸಣ್ಣ ಸಣ್ಣ ಕಾರ್ಡುಗಳಲ್ಲಿರುತ್ತದೆ. ಯಾವುದಾದ ಮೇಲೆ ಯಾವ ಕಾರ್ಡು ಅಂತ ತೋರಿಸುವ ಚಾರ್ಟಿಗೆ ಕಲಿಕಾ ಏಣಿ ಅಂತಾರೆ. ಮಗು ಅದನ್ನು ನೋಡಿ ತನ್ನ ಕಾರ್ಡನ್ನು ತಾನೇ ತಂದು ಕೂರುತ್ತದೆ. ವಾರಗಟ್ಟಲೆ ಊರಿಗೆ ಹೋಗಿ ಬಂದರೂ ಬಿಟ್ಟ ಕಾರ್ಡಿನಿಂದಲೇ ಮುಂದುವರಿಸಬಹುದು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೆ ಇದು ಎಷ್ಟು ದೊಡ್ಡ ವಿಷಯ ಅಲ್ವಾ? ಮಗಳ ಪಕ್ಕ ಕೂರುವ ಹುಡುಗಿ ಹೀಗೆ ಎರಡು ಸಲ ಹೋಗಿ ಬಂದಿದ್ದಾಳೆ. ಈಗ ನನ್ನ ಮಗಳಿಗೆ ಒತ್ತಕ್ಷರ ತಿದ್ದಿಕೊಡುವವಳು ಅವಳೇ.

ಆದರೆ ಕಾರ್ಡು ಎಷ್ಟೇ ಚೆನ್ನಾಗಿರಲಿ, ಓದಿ ಒಪ್ಪಿಸುವಾಗ ಪಕ್ಕದಲ್ಲಿ ಟೀಚರ್ ಕೂರಲೇಬೇಕು. ನಾಲ್ಕು, ಐದನೇ ಕ್ಲಾಸಿನಲ್ಲಂತೂ ಭಾಗಾಕಾರ, ಭಿನ್ನರಾಶಿ ಸುಮ್ನೆ ಕಾರ್ಡು ಕೊಟ್ಟರೆ ಬರುವುದಿಲ್ಲ. ಅಲ್ಲಿ ನಮ್ಮ ಶಾಲೆ ಹಿಂದಿದೆ, ನನಗೆ ಗೊತ್ತಿದೆ. ಅದಕ್ಕೇ ಎಸ್‌ಡಿಎಂಸಿ, ಅಂದರೆ ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿಯ ಸಭೆಯನ್ನು ನಾನು ತಪ್ಪಿಸುವುದಿಲ್ಲ.

ನೀವೂ ಸೇರಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಂದು ದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನಿಮ್ಮ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ಎಷ್ಟು ಜನ ಟೀಚರ್ ಅಂತ ಕೇಳಿ. ನಲಿ-ಕಲಿ ಕೋಣೆಯಲ್ಲಿ ಅರ್ಧ ಗಂಟೆ ಕೂತು ಬನ್ನಿ.

ಮೂರನೇ ಟೀಚರ್ ಕೇಳಲು ನಮಗೆ ಇನ್ನು ಎಂಟು ಮಕ್ಕಳು ಬೇಕು. ಮೇ ಕೊನೆಯಲ್ಲಿ ಹೆಡ್‌ಮಿಸ್ ಜೊತೆ ನಾನೂ ಮನೆಮನೆಗೆ ಹೋಗುತ್ತಿದ್ದೇನೆ. ಹಿಂದಿನ ರಸ್ತೆಯ ಎರಡು ಮನೆಯವರು ಆಗಲೇ ಹೂಂ ಅಂದಿದ್ದಾರೆ.