ಕುಂತ್ಸೆವೊದ ಮನೆಯಲ್ಲಿ ಒಂದು ಭಾನುವಾರ

ಭಾನುವಾರ, 5 ಮಾರ್ಚ್ 2023, ರಾತ್ರಿ

ಸ್ಟಾಲಿನ್ ಸತ್ತು ಇಂದಿಗೆ 70 ವರ್ಷವಾಯಿತು. ಮಧ್ಯಾಹ್ನ ಊಟವಾದ ಮೇಲೆ ಆತನ ಮಗಳು ಸ್ವೆಟ್ಲಾನಾ ಬರೆದಿಟ್ಟ ನೆನಪುಗಳನ್ನು ಹಿಡಿದು ಕುಳಿತವನು ದೀಪ ಹಚ್ಚುವ ಹೊತ್ತಿನವರೆಗೂ ಏಳಲಿಲ್ಲ. ಹಿಂದೊಮ್ಮೆ ಓದಿದಾಗ ನಾನು ಹುಡುಕಿದ್ದು ರಾಜಕೀಯವನ್ನು. 1937-38ರಲ್ಲಿ ಸಿದ್ಧವಾದ ಮರಣದಂಡನೆಯ ಪಟ್ಟಿಗಳಿಗೆ ರುಜು ಹಾಕಿದ ಕೈಯ ಬಗ್ಗೆ ಮಗಳು ಏನೆನ್ನುತ್ತಾಳೆ ಎಂಬುದೇ ಆಗಿನ ಕುತೂಹಲವಾಗಿತ್ತು. ಈ ಸಲ ಆ ಮನೆಯ ಗೋಡೆ, ಊಟದ ಮೇಜು, ಬಾಗಿಲುಗಳನ್ನಷ್ಟೇ ನೋಡುತ್ತ ಹೋದೆ.

ಮಾಸ್ಕೋದ ಅಂಚಿನಲ್ಲಿ, ಕುಂತ್ಸೆವೊದ ಮರಗಳ ನಡುವೆ, ಹಸಿರು ಬಣ್ಣ ಬಳಿದ ಮನೆ ಅದು. ವಾಸ್ತುಶಿಲ್ಪಿ ಮಿರಾನ್ ಮೆರ್ಝಾನೊವ್ 1930ರ ದಶಕದ ಮೊದಲ ಭಾಗದಲ್ಲಿ ಅದನ್ನು ಕಟ್ಟಿಕೊಟ್ಟ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪುಸ್ತಕಗಳಿದ್ದ, ಬಣ್ಣದ ಪೆನ್ಸಿಲಿನಿಂದ ಅಂಚುಗಳಲ್ಲಿ ಗೀಚುತ್ತ ಓದುತ್ತಿದ್ದ ಆ ಮನುಷ್ಯ ಮಲಗುತ್ತಿದ್ದುದು ಮಾತ್ರ ಯಾವುದೋ ಒಂದು ಕೋಣೆಯ ಸೋಫಾದ ಮೇಲೆ. ಊಟ, ಕೆಲಸ, ನಿದ್ದೆ ಎಲ್ಲವೂ ಹೆಚ್ಚುಕಡಿಮೆ ಅದೇ ಕೋಣೆಯಲ್ಲಿ. ಕೊನೆಯ ವರ್ಷಗಳಲ್ಲಿ ದೊಡ್ಡ ಕೋಣೆಯ ಗೋಡೆಗಳ ಮೇಲೆ ಪತ್ರಿಕೆಗಳಿಂದ ತೆಗೆದು ದೊಡ್ಡದು ಮಾಡಿಸಿದ ಮಕ್ಕಳ ಚಿತ್ರಗಳಿದ್ದುವಂತೆ: ಹಿಮದ ಮೇಲೆ ಜಾರುತ್ತಿರುವ ಹುಡುಗ, ಮೇಕೆಮರಿಗೆ ಕೊಂಬಿನಿಂದ ಹಾಲು ಕುಡಿಸುತ್ತಿರುವ ಹುಡುಗಿ. ಅದನ್ನು ಬರೆದ ಮಗಳೇ ಇನ್ನೊಂದು ಲೆಕ್ಕವನ್ನೂ ಕೊಡುತ್ತಾಳೆ: ಆತನಿಗೆ ಎಂಟು ಮಂದಿ ಮೊಮ್ಮಕ್ಕಳು, ಆತ ಕಣ್ಣಾರೆ ಕಂಡದ್ದು ಮೂವರನ್ನು.

ನಾವು ಶಾಲೆಗೆ ಹೋಗುವಾಗ ನೋಟ್‌ಬುಕ್ಕಿಗೆ ಬೈಂಡ್ ಹಾಕಲು ಸೋವಿಯತ್ ಪತ್ರಿಕೆಗಳ ನುಣುಪು ಹಾಳೆಗಳಿಗಿಂತ ಒಳ್ಳೆಯದು ಬೇರೆ ಸಿಗುತ್ತಿರಲಿಲ್ಲ. ಗುಲಾಬಿ ಕೆನ್ನೆಯ, ತಲೆಗೆ ಟೋಪಿ ಹಾಕಿದ ಮಕ್ಕಳು ನನ್ನ ಗಣಿತದ ಪುಸ್ತಕದ ಮೇಲೂ ಇಡೀ ವರ್ಷ ನಗುತ್ತಿದ್ದರು. ಅಂಥದೇ ಮಕ್ಕಳನ್ನು ಗೋಡೆಗೆ ಹಚ್ಚಿಕೊಂಡು, ಇಡೀ ದೇಶದ ಗಂಟಲು ಹಿಡಿದವನೊಬ್ಬ ಒಂಟಿಯಾಗಿ ಚಹಾ ಕುಡಿಯುತ್ತಿದ್ದ ಎಂಬುದು ಇಂದು ಓದುವಾಗ ಬಹಳ ಹೊತ್ತು ಕಾಡಿತು.

ಮಗಳು ಚಿಕ್ಕವಳಿದ್ದಾಗ ಅಪ್ಪ-ಮಗಳ ನಡುವೆ ಒಂದು ಆಟವಿತ್ತು. ಅವಳು ಯಜಮಾನಿ, ಅಪ್ಪ ಅವಳ ಬಡ ಕಾರ್ಯದರ್ಶಿ. ತನ್ನನ್ನು ನಾಟಕಕ್ಕೆ ಕರೆದುಕೊಂಡು ಹೋಗತಕ್ಕದ್ದು ಎಂದೋ, ಸಿನಿಮಾಕ್ಕೆ ಕರೆದೊಯ್ಯತಕ್ಕದ್ದು ಎಂದೋ ಅವಳು ಕಾಗದದ ಮೇಲೆ ಸಂಖ್ಯೆ ಹಾಕಿ ಆಜ್ಞೆ ಬರೆಯುವಳು. ಅಪ್ಪ ಕೆಳಗೆ ‘ಅಪ್ಪಣೆಯಂತೆ’, ‘ಒಪ್ಪಿದೆ’ ಎಂದು ಬರೆದು ಸಹಿ ಮಾಡುವನು. ಮಗುವಿನೊಂದಿಗೆ ಆಡುವಾಗ ಆನೆಯಾಗುವ, ಕುದುರೆಯಾಗುವ ಅಪ್ಪಂದಿರನ್ನು ನಾವೆಲ್ಲ ಕಂಡಿದ್ದೇವೆ. ಈತ ಆಟಕ್ಕೆಂದು ಆರಿಸಿಕೊಂಡ ಪಾತ್ರ ಆಜ್ಞೆಗೆ ತಲೆಬಾಗುವ ಗುಮಾಸ್ತನದು. ಮನೆಯಲ್ಲಿ ಮೃದು, ಹೊರಗೆ ಕ್ರೂರಿ, ಹೀಗೆ ಇಬ್ಬರು ಸ್ಟಾಲಿನ್‌ಗಳಿದ್ದರು ಎನ್ನುವವರ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಆಜ್ಞೆ, ಕೆಳಗೊಂದು ಸಹಿ: ಮುದ್ದು ಮಾಡಲು ಕೂಡ ಆತನಿಗೆ ಒದಗಿ ಬಂದದ್ದು ಕಚೇರಿಯ ಭಾಷೆಯೇ.

ಆ ಆಟ ಎಷ್ಟು ದಿನ ನಡೆಯಬಹುದಿತ್ತು? ಹದಿನಾರು ದಾಟಿದ ಮಗಳು ತನಗಿಂತ ಬಹಳ ಹಿರಿಯನಾದ ಚಿತ್ರಕಥೆಗಾರ ಅಲೆಕ್ಸಿ ಕಾಪ್ಲರ್‌ನನ್ನು ಪ್ರೀತಿಸಿದಳು. 1943ರ ಮಾರ್ಚಿನಲ್ಲಿ ಆತನನ್ನು ಬಂಧಿಸಿ ಉತ್ತರದಲ್ಲಿ ಆರ್ಕ್ಟಿಕ್ ವೃತ್ತದ ಆಚೆಗಿರುವ ವೊರ್ಕುತಾಗೆ ಅಟ್ಟಲಾಯಿತು. ಅಪ್ಪ ಅವಳ ಕೆನ್ನೆಗೆ ಹೊಡೆದ.

ಅವಳ ತಾಯಿ ನಾದೆಝ್ದಾಳ ಕಥೆಯನ್ನು ಇಂದು ಎರಡು ಸಲ ಓದಿದೆ. 1932ರ ನವೆಂಬರ್ 8ರ ರಾತ್ರಿ, ಕ್ರಾಂತಿಯ ಹದಿನೈದನೆಯ ವರ್ಷದ ಔತಣ ಸೇನಾ ಖಾತೆ ಹೊತ್ತಿದ್ದ ವೊರೊಶಿಲೊವ್‌ನ ಮನೆಯಲ್ಲಿ ನಡೆದಿತ್ತು. ಎಲ್ಲರ ಎದುರಿಗೆ ಗಂಡ ‘ಏಯ್, ನೀನೂ ಕುಡಿ’ ಎಂದ. ‘ನಾನು ನಿನಗೆ ಏಯ್ ಅಲ್ಲ’ ಎಂದು ಕೂಗಿ ಅವಳು ಎದ್ದು ಹೊರಗೆ ಹೋದಳು. ನನ್ನ ಅಜ್ಜಿಯನ್ನು ಅಜ್ಜ ಹೆಸರು ಹಿಡಿದು ಕರೆದದ್ದನ್ನು ನಾನಂತೂ ಕೇಳಿಲ್ಲ, ‘ಏಯ್’ ಎಂದರೆ ಅಡುಗೆಮನೆಯಿಂದ ಉತ್ತರ ಬರುತ್ತಿತ್ತು. ಆದ್ದರಿಂದ ಆ ಒಂದು ಮಾತಿನ ಭಾರ ಎಷ್ಟೆಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರದ ಹಿರಿಯ ನಾಯಕ ಮೊಲೊಟೊವ್‌ನ ಹೆಂಡತಿ ಪೊಲೀನಾ ಅವಳನ್ನು ಸಮಾಧಾನಪಡಿಸುತ್ತ ಕ್ರೆಮ್ಲಿನ್ ಅಂಗಳದಲ್ಲಿ ಸುತ್ತು ಹಾಕಿದಳು. ಬೆಳಿಗ್ಗೆ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಂಗಸು ಎಬ್ಬಿಸಲು ಹೋದಾಗ ನಾದೆಝ್ದಾ ಹೆಣವಾಗಿ ಬಿದ್ದಿದ್ದಳು, ಪಕ್ಕದಲ್ಲಿ ಸಣ್ಣ ವಾಲ್ಟರ್ ಪಿಸ್ತೂಲು. ಗುಂಡು ಹಾರಿಸಿಕೊಂಡ ವಿಷಯ ಪತ್ರಿಕೆಗಳಲ್ಲಿ ಬರಲಿಲ್ಲ. ಆಗ ಆರು ವರ್ಷದವಳಾಗಿದ್ದ ಮಗಳಿಗೆ ಅದು ತಿಳಿದದ್ದು ಸುಮಾರು ಹತ್ತು ವರ್ಷಗಳ ಮೇಲೆ, ಇಂಗ್ಲಿಷ್ ಕಲಿಯಲೆಂದು ತಿರುವಿ ಹಾಕುತ್ತಿದ್ದ ವಿದೇಶಿ ಪತ್ರಿಕೆಯೊಂದರಿಂದ.

ಅಂದು ಅಂಗಳದಲ್ಲಿ ಜೊತೆಗೆ ನಡೆದ ಪೊಲೀನಾಳನ್ನು 1949ರಲ್ಲಿ ಬಂಧಿಸಲಾಯಿತು. ಅವಳನ್ನು ಪಕ್ಷದಿಂದ ಹೊರಹಾಕುವ ಮತದಾನದಲ್ಲಿ ಗಂಡ ತಟಸ್ಥನಾಗಿ ಉಳಿದಿದ್ದ. ಕೆಲವು ವಾರಗಳಲ್ಲೇ ಅದು ತನ್ನ ತಪ್ಪೆಂದು ಸ್ಟಾಲಿನ್‌ಗೆ ಪತ್ರ ಬರೆದು ಒಪ್ಪಿಕೊಂಡ. ಸ್ಟಾಲಿನ್‌ನ ಕಾರ್ಯದರ್ಶಿ ಪೊಸ್ಕ್ರೆಬಿಶೆವ್‌ನ ಹೆಂಡತಿಯನ್ನು ಬಂಧಿಸಿ ಗುಂಡಿಟ್ಟು ಕೊಂದ ಮೇಲೂ ಆತ ಅದೇ ಬಾಗಿಲ ಹೊರಗಿನ ಮೇಜಿನಲ್ಲಿ ಕಡತಗಳನ್ನು ಜೋಡಿಸುತ್ತಿದ್ದ. ಸ್ಟಾಲಿನ್‌ನ ಮೊದಲ ಹೆಂಡತಿಯ ಸೋದರ ಅಲಿಯೋಶಾ ಸ್ವಾನಿದ್ಜೆ, ಆತನ ಹೆಂಡತಿ ಮರಿಯಾ, ನಾದೆಝ್ದಾಳ ಅಕ್ಕನ ಗಂಡ ರೆದೆನ್ಸ್, ಇವರೆಲ್ಲ ಹುಟ್ಟುಹಬ್ಬಕ್ಕೆ ಬಂದು ಒಂದೇ ಮೇಜಿನಲ್ಲಿ ಉಂಡವರು, ಮೂವರೂ ಗುಂಡಿಗೆ ಬಲಿಯಾದರು. ಹಿರಿಯ ಮಗ ಯಾಕೊವ್ 1941ರಲ್ಲಿ ಜರ್ಮನರ ಕೈಗೆ ಸೆರೆಸಿಕ್ಕಾಗ ಇಲ್ಲಿ ಜೈಲಿಗೆ ಹೋದವಳು ಆತನ ಹೆಂಡತಿ. ಯಾಕೊವ್ 1943ರ ಏಪ್ರಿಲಿನಲ್ಲಿ ಜಾಕ್ಸನ್‌ಹೌಸನ್ ಶಿಬಿರದಲ್ಲಿ ಸತ್ತ. ತಿಫ್ಲಿಸ್‌ನಲ್ಲಿದ್ದ ತಾಯಿ ಕೆಕೆ ಒಂದು ಕಾಲಕ್ಕೆ ಬಟ್ಟೆ ಒಗೆದು, ಹೊಲಿಗೆ ಹಾಕಿ ಮಗನನ್ನು ಪಾದ್ರಿಯಾಗಲೆಂದು ಓದಿಸಿದವಳು. 1937ರಲ್ಲಿ ಅವಳು ತೀರಿಕೊಂಡಾಗ ಮಗ ಮಣ್ಣಿಗೆ ಹೋಗದೆ ಹೂವಿನ ಹಾರ ಕಳುಹಿಸಿದ.

ಹೀಗೆ ಬಂಧುಗಳೆಲ್ಲ ಖಾಲಿಯಾದ ಮೇಜಿನ ಸುತ್ತ ಕೊನೆಯ ವರ್ಷಗಳಲ್ಲಿ ರಾತ್ರಿಯೆಲ್ಲ ಕುಳಿತಿರುತ್ತಿದ್ದವರು ಪಕ್ಷದ ನಾಯಕರಾದ ಬೇರಿಯಾ, ಮಲೆಂಕೊವ್, ಕ್ರುಶ್ಚೇವ್, ಬುಲ್ಗಾನಿನ್. ಮೊದಲು ಕ್ರೆಮ್ಲಿನ್‌ನಲ್ಲಿ ಸಿನಿಮಾ, ಆಮೇಲೆ ಕುಂತ್ಸೆವೊದಲ್ಲಿ ಜಾರ್ಜಿಯಾದ ವೈನ್ ಮತ್ತು ಊಟ. ದಪ್ಪ ದೇಹದ ಕ್ರುಶ್ಚೇವ್ ಕುಕ್ಕರಗಾಲಿನಲ್ಲಿ ಗೊಪಾಕ್ ಎಂಬ ಉಕ್ರೇನಿನ ಕುಣಿತ ಕುಣಿಯಬೇಕು. ಯಾರಾದರೂ ಕೂರುವ ಕುರ್ಚಿಯ ಮೇಲೆ ಟೊಮೆಟೊ ಇಟ್ಟು ಉಳಿದವರು ನಗಬೇಕು. 1953ರ ಫೆಬ್ರವರಿ 17ರಂದು ಭೇಟಿಗೆ ಹೋಗಿದ್ದ ಭಾರತದ ರಾಯಭಾರಿ ಕೆ.ಪಿ.ಎಸ್. ಮೆನನ್, ಸ್ಟಾಲಿನ್ ಮಾತಿನ ನಡುವೆ ಕಾಗದದ ಮೇಲೆ ಕೆಂಪು ಪೆನ್ಸಿಲಿನಲ್ಲಿ ತೋಳಗಳನ್ನು ಬಿಡಿಸುತ್ತಿದ್ದುದನ್ನು ಗಮನಿಸಿದರು. ತೋಳಗಳ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ನಮ್ಮ ರೈತರಿಗೆ ಗೊತ್ತು ಎಂಬರ್ಥದ ಮಾತನ್ನೂ ಆತ ಆಡಿದ.

ಅದಾದ ಹನ್ನೆರಡನೆಯ ದಿನ ಮಾರ್ಚ್ 1, ಅದೂ ಭಾನುವಾರ. ನಸುಕಿನಲ್ಲಿ ಅತಿಥಿಗಳು ಹೊರಟು ಹೋದರು. ಮಧ್ಯಾಹ್ನವಾದರೂ ಒಳಗೆ ಸದ್ದಿಲ್ಲ. ಕರೆಯದೆ ಒಳಗೆ ಹೋಗುವಂತಿಲ್ಲ ಎಂಬುದು ಆ ಮನೆಯ ನಿಯಮ, ಆದ್ದರಿಂದ ಕಾವಲುಗಾರರು ಒಬ್ಬರ ಮುಖ ಒಬ್ಬರು ನೋಡುತ್ತ ಹೊರಗೇ ಕುಳಿತರು. ಸಂಜೆ ಆರೂವರೆಯ ಸುಮಾರಿಗೆ ಒಳಗೆ ದೀಪ ಹೊತ್ತಿದ್ದು ಕಂಡು ನಿಟ್ಟುಸಿರುಬಿಟ್ಟರು. ಮತ್ತೆ ಮೌನ. ನೀನು ಹೋಗು, ನೀನು ಹೋಗು ಎಂದು ದೂಡಾಡಿ, ಕೊನೆಗೆ ರಾತ್ರಿ ಹತ್ತು ದಾಟಿದ ಮೇಲೆ ಅಂಚೆಯ ಕಟ್ಟನ್ನು ನೆಪ ಮಾಡಿಕೊಂಡು ಲೊಜ್ಗಚೊವ್ ಎಂಬವನು ಒಳಗೆ ಹೋದ. ಸ್ಟಾಲಿನ್ ಊಟದ ಮೇಜಿನ ಬಳಿ ನೆಲದ ಮೇಲೆ ಬಿದ್ದಿದ್ದ. ಬಟ್ಟೆ ಒದ್ದೆಯಾಗಿತ್ತು, ಪಕ್ಕದಲ್ಲಿ ‘ಪ್ರಾವ್ದಾ’ ಪತ್ರಿಕೆ ಮತ್ತು ಗಡಿಯಾರ. ನಡುರಾತ್ರಿ ಕಳೆದು ಬಂದ ಬೇರಿಯಾ, ಮಲಗಿದವರನ್ನು ಕಂಡು ಗಾಬರಿಯಾಗುವುದೇಕೆ ಎಂದು ಕಾವಲುಗಾರನನ್ನೇ ಗದರಿ ಹೊರಟ. ವೈದ್ಯರು ಬಂದದ್ದು ಮರುದಿನ ಬೆಳಿಗ್ಗೆ.

ಬಂದವರು ಹೊಸಬರು. ಬಹುಕಾಲ ಆತನಿಗೆ ಚಿಕಿತ್ಸೆ ಕೊಟ್ಟಿದ್ದ ವಿನೊಗ್ರಾದೊವ್, ವಿಶ್ರಾಂತಿ ಬೇಕೆಂದು ಸಲಹೆ ಕೊಟ್ಟ ಆ ವೈದ್ಯ, ವೈದ್ಯರು ನಾಯಕರನ್ನು ಕೊಲ್ಲಲು ಸಂಚು ಹೂಡಿದ್ದಾರೆಂಬ ಕಟ್ಟುಕಥೆಯಲ್ಲಿ ಸಿಕ್ಕಿ ಜೈಲು ಸೇರಿದ್ದ. ಹೊಸ ವೈದ್ಯರ ಕೈ ನಡುಗಿ ಅಂಗಿ ಬಿಚ್ಚಲಾಗದೆ ಕತ್ತರಿಸಬೇಕಾಯಿತು. ಕಿವಿಯ ಹಿಂದೆ ಜಿಗಣೆ ಹಚ್ಚಿದರು. ಮಾರ್ಚ್ 5ರ ರಾತ್ರಿ 9 ಗಂಟೆ 50 ನಿಮಿಷಕ್ಕೆ ಪ್ರಾಣ ಹೋಯಿತು. ಕೊನೆಯ ಗಳಿಗೆಯಲ್ಲಿ ಕಣ್ಣು ತೆರೆದು, ಸುತ್ತ ನಿಂತವರನ್ನು ನೋಡಿ, ಎಡಗೈ ಎತ್ತಿ ಮೇಲೇನನ್ನೋ ತೋರಿಸಿದಂತೆ ಮಾಡಿದ ಎಂದು ಮಗಳು ಬರೆಯುತ್ತಾಳೆ. ಅದು ಶಾಪವೋ ಬೆದರಿಕೆಯೋ ಅವಳಿಗೂ ತಿಳಿಯಲಿಲ್ಲ. ನಾಯಕರು ಕಾರುಗಳತ್ತ ಓಡಿದ ಮೇಲೆ ಮನೆಗೆಲಸದ ವ್ಯಾಲೆಂಟೀನಾ ಬಂದು, ಮೊಣಕಾಲೂರಿ, ಹೆಣದ ಎದೆಯ ಮೇಲೆ ತಲೆಯಿಟ್ಟು ಹಳ್ಳಿಯ ಹೆಂಗಸರಂತೆ ಗಟ್ಟಿಯಾಗಿ ಅತ್ತಳು. ಯಾರೂ ಅವಳನ್ನು ತಡೆಯಲಿಲ್ಲ.

ಸ್ವೆಟ್ಲಾನಾ 1957ರಲ್ಲಿ ತಂದೆಯ ಹೆಸರು ಬಿಟ್ಟು ತಾಯಿಯ ಮನೆತನದ ಹೆಸರಿಟ್ಟುಕೊಂಡಳು. ಮಾಸ್ಕೋದ ಆಸ್ಪತ್ರೆಯೊಂದರಲ್ಲಿ ಪರಿಚಯವಾಗಿ, ಸರ್ಕಾರದ ಒಪ್ಪಿಗೆ ಸಿಗದೆ ಮದುವೆಯಾಗಲಾಗದಿದ್ದರೂ ಜೊತೆಗೆ ಬಾಳಿದ ಬ್ರಜೇಶ್ ಸಿಂಗ್ 1966ರಲ್ಲಿ ತೀರಿಕೊಂಡಾಗ, ಆತನ ಬೂದಿಯನ್ನು ಗಂಗೆಗೆ ಬಿಡಲೆಂದು ಆ ವರ್ಷದ ಡಿಸೆಂಬರಿನಲ್ಲಿ ಭಾರತಕ್ಕೆ ಬಂದಳು. ಉತ್ತರ ಪ್ರದೇಶದ ಕಾಲಾಕಾಂಕರ್‌ನಲ್ಲಿ, ನದಿಯ ದಂಡೆಯ ಮನೆಯಲ್ಲಿ ಕೆಲವು ವಾರ ಇದ್ದಳು. ಹಿಂದಿರುಗಬೇಕಾದ ದಿನ ಹತ್ತಿರ ಬಂದಾಗ, 1967ರ ಮಾರ್ಚ್ 6ರ ಸಂಜೆ, ದೆಹಲಿಯ ಸೋವಿಯತ್ ಅತಿಥಿಗೃಹದಿಂದ ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಹೊರಬಿದ್ದು, ಒಂದು ಟ್ಯಾಕ್ಸಿ ಹತ್ತಿ, ಅಮೆರಿಕದ ರಾಯಭಾರ ಕಚೇರಿಗೆ ಬಿಡುವಂತೆ ಹೇಳಿದಳು. ಬಾಗಿಲಲ್ಲಿದ್ದವರಿಗೆ ತಾನು ಯಾರ ಮಗಳೆಂಬುದನ್ನು ಅವಳೇ ಹೇಳಬೇಕಾಯಿತು.