ಇದು ಕಲೆಯಾ, ಸಮಾಜಸೇವೆಯಾ?

ನಾನು ಕಲೆಯ ಬಗ್ಗೆ ಬರೆಯುತ್ತೇನೆಂದು ಗೊತ್ತಾದವರು ಸುತ್ತಿ ಬಳಸಿ ಕೊನೆಗೆ ಕೇಳುವುದು ಇದನ್ನೇ. ಜನರನ್ನು ಸೇರಿಸಿಕೊಂಡು ಮರ ನೆಡುವುದು, ಪಾಳುಮನೆ ರಿಪೇರಿ ಮಾಡುವುದು, ಕಾರ್ಮಿಕರ ಕೈ ಕುಲುಕುವುದು, ಇದನ್ನೆಲ್ಲ ಕಲೆ ಅಂತೀರಲ್ಲ, ನಿಜಕ್ಕೂ ಇದು ಕಲೆಯಾ, ಸಮಾಜಸೇವೆಯಾ? ಕೇಳುವ ದನಿಯಲ್ಲೇ ಅವರ ಉತ್ತರ ಇರುತ್ತದೆ. ಚಿತ್ರ ಬರೆಯುವವರಿಗೆ ಅನುಮಾನ ಕಲೆಯ ಮೇಲೆ, ಸಂಘಟನೆಯಲ್ಲಿ ದುಡಿಯುವವರಿಗೆ ಸೇವೆಯ ಮೇಲೆ.

ಮೊದಲೆಲ್ಲ ‘ಎರಡೂ ಹೌದು’ ಎಂದು ಜಾರಿಕೊಳ್ಳುತ್ತಿದ್ದೆ. ಈಗ ಒಂದು ಕಲ್ಲುರಾಶಿಯ ಕತೆ ಹೇಳುತ್ತೇನೆ.

1982ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನಕ್ಕೆ ಜೋಸೆಫ್ ಬಾಯ್ಸ್ ಎಂಬ ಕಲಾವಿದ ಮ್ಯೂಸಿಯಂ ಎದುರಿನ ಬಯಲಲ್ಲಿ 7000 ಬಸಾಲ್ಟ್ ಕಲ್ಲುಕಂಬಗಳನ್ನು ರಾಶಿ ಹಾಕಿಸಿದ. ಷರತ್ತು ಒಂದೇ. ನಗರದಲ್ಲಿ ಎಲ್ಲಾದರೂ ಒಂದು ಸಸಿ ನೆಟ್ಟರೆ ಅದರ ಪಕ್ಕದಲ್ಲಿ ನಿಲ್ಲಿಸಲು ರಾಶಿಯಿಂದ ಒಂದು ಕಲ್ಲು ಹೋಗಬೇಕು. ಎಲ್ಲಿ ನೆಡಬೇಕೆಂದು ಬಡಾವಣೆಯವರು, ಶಾಲೆಗಳು, ಸಂಘಗಳು ಸೂಚಿಸಬಹುದು. ನಡು ಊರಲ್ಲಿ ಇಷ್ಟು ಕಲ್ಲು ಬಿದ್ದಿರುವುದನ್ನು ಕಂಡು ಅನೇಕರು ಸಿಡಿಮಿಡಿಗೊಂಡರು. ಆದರೆ ಸಿಡಿಮಿಡಿಗೊಂಡವರಿಗೂ ರಾಶಿ ಕರಗಬೇಕಾದರೆ ಮರ ನೆಡುವುದೊಂದೇ ದಾರಿ! ಬಾಯ್ಸ್ 1986ರಲ್ಲಿ ತೀರಿಕೊಂಡ. ಕೊನೆಯ ಮರವನ್ನು 1987ರಲ್ಲಿ ಅವನ ಮಗ ನೆಟ್ಟ.

ಬರೀ ಗಿಡ ನೆಡುವುದಾಗಿದ್ದರೆ ಅದಕ್ಕೆ ಅರಣ್ಯ ಇಲಾಖೆ ಸಾಕಿತ್ತು. ನನಗೆ ಇಲ್ಲಿ ಕಲೆ ಕಾಣುವುದು ಆ ರಾಶಿಯಲ್ಲಿ. ಎಷ್ಟು ಕೆಲಸ ಬಾಕಿ ಇದೆ ಎಂಬುದನ್ನು ಐದು ವರ್ಷ ಊರಿನ ಕಣ್ಣಿಗೆ ಚುಚ್ಚುತ್ತಲೇ ಇದ್ದ ಲೆಕ್ಕ ಅದು. ವರದಿ ಬೇಡ, ಭಾಷಣ ಬೇಡ, ದಾರಿಹೋಕರಿಗೂ ನೋಡಿದರೆ ತಿಳಿಯುತ್ತದೆ. ಇನ್ನೊಂದು ಚಂದ ಇದೆ. ನೆಟ್ಟ ದಿನ ಎಳೆ ಸಸಿಯ ಪಕ್ಕದಲ್ಲಿ ಕಲ್ಲೇ ಯಜಮಾನನ ಹಾಗೆ ನಿಂತಿತ್ತು. ಈಗ ಅದು ದೊಡ್ಡ ಮರದ ಬುಡದಲ್ಲಿ ಕೂತ ಮಗುವಿನ ಹಾಗಿದೆ. ಈ ಅನುಪಾತ ತಲೆಕೆಳಗಾಗುವುದಕ್ಕೆ ದಶಕಗಳು ಬೇಕು ಎಂಬುದೂ ಕೃತಿಯ ಭಾಗವೇ.

ಹಾಗಾಗಿ ನನ್ನ ಉತ್ತರ ಇಷ್ಟು: ಇಂಥ ಕಲೆಯಲ್ಲಿ ಬಣ್ಣ, ಜೇಡಿಮಣ್ಣುಗಳ ಜಾಗದಲ್ಲಿರುವುದು ಜನ ಮತ್ತು ಅವರ ನಡುವಿನ ಸಂಬಂಧ. ಯಾರು ಎಲ್ಲಿ ನಿಲ್ಲುತ್ತಾರೆ, ಯಾರು ಮಾತಾಡುತ್ತಾರೆ, ಯಾರು ಸುಮ್ಮನಿರಬೇಕು, ಕೊನೆಗೆ ಯಾರ ಹೆಸರು ಬರುತ್ತದೆ, ಇದೇ ಅದರ ರೂಪ. ರೂಪವೇ ಸಂಬಂಧವಾದ ಮೇಲೆ ‘ನೋಡಲು ಚೆನ್ನಾಗಿದೆಯಾ’ ಎಂಬುದನ್ನೂ ‘ನಡೆದುಕೊಂಡದ್ದು ಸರಿಯಾ’ ಎಂಬುದನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಲಾಗುವುದಿಲ್ಲ.

ಅಮೆರಿಕದ ಕಲಾವಿದೆ ಮಿಯರ್ಲ್ ಲೇಡರ್ಮನ್ ಯುಕೆಲೀಸ್ ಮಾಡಿದ್ದನ್ನು ನೋಡಿ. ತಾಯಿಯಾದ ಮೇಲೆ ದಿನವಿಡೀ ತೊಳೆಯುವುದು, ಒರೆಸುವುದೇ ಆಗಿಹೋದಾಗ, 1969ರಲ್ಲಿ, ಈ ಮುಗಿಯದ ಕೆಲಸವೇ ನನ್ನ ಕಲೆ ಎಂದು ಘೋಷಿಸಿದವಳು ಆಕೆ. 1979ರಲ್ಲಿ ನ್ಯೂಯಾರ್ಕಿನ ಪೌರಕಾರ್ಮಿಕರನ್ನು ಹುಡುಕಿಕೊಂಡು ಹೊರಟಳು. ಮುಂದಿನ ವರ್ಷದವರೆಗೂ ನಗರದ ಎಲ್ಲ ವಿಭಾಗಗಳನ್ನೂ ಸುತ್ತಿ, ಸುಮಾರು 8500 ಜನರ ಎದುರು ಒಬ್ಬೊಬ್ಬರಾಗಿ ನಿಂತು ಕೈ ಕುಲುಕಿ, ಈ ನಗರವನ್ನು ಜೀವಂತ ಇಟ್ಟಿರುವುದಕ್ಕೆ ಧನ್ಯವಾದ ಎಂದಳು. ಪ್ರತಿಯೊಬ್ಬರಿಗೂ ಅದೇ ಮಾತು.

ಒಂದು ಸಭೆ ಕರೆದು, ಹಾರ ಹಾಕಿ, ಎಲ್ಲರಿಗೂ ಸೇರಿಸಿ ಒಂದು ವಂದನೆ ಹೇಳಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ನಾವೆಲ್ಲ ಮಾಡುವುದು ಅದನ್ನೇ. ಆಕೆ ಆರಿಸಿಕೊಂಡದ್ದು ಅತ್ಯಂತ ನಿಧಾನದ ದಾರಿ. ಕಸ ಮುಟ್ಟುವ ಕೈಯನ್ನು ಮುಟ್ಟಲು ಜನ ಹಿಂಜರಿಯುತ್ತಾರಲ್ಲ, ಆ ಹಿಂಜರಿಕೆಯ ಎದುರಿಗೇ ಕೈ ಚಾಚುವುದು, ಅದೂ 8500 ಸಲ. ಮರ್ಯಾದೆಯೂ ಸೌಂದರ್ಯವೂ ಇಲ್ಲಿ ಅದೇ ಒಂದು ಹಸ್ತಲಾಘವ. ಸಂಬಳ ಹೆಚ್ಚಿಸಿತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ, ಆದರೆ ಅದನ್ನು ಮೊದಲು ಕೇಳಬೇಕಾದದ್ದು ಸಂಬಳ ಕೊಡುವವರನ್ನು.

ವಿಮರ್ಶಕರ ನಡುವೆ ಈ ಜಗಳ ಹಳೆಯದು. ಮಾತುಕತೆ, ನಂಬಿಕೆ, ದೀರ್ಘ ಒಡನಾಟವೇ ಇದರ ತಿರುಳು ಎನ್ನುವವನು ಗ್ರಾಂಟ್ ಕೆಸ್ಟರ್. ಸದುದ್ದೇಶಕ್ಕೆ ಅಂಕ ಕೊಡುತ್ತ ಕೂತರೆ ಕಲೆಯನ್ನು ಕಲೆಯಾಗಿ ನೋಡುವುದೇ ಮರೆತುಹೋಗುತ್ತದೆ ಎನ್ನುವವಳು ಕ್ಲೇರ್ ಬಿಷಪ್. ಸಪ್ಪೆಯಾದ ಸದ್ಭಾವನೆಯ ಕೃತಿಗಳನ್ನು ನೋಡಿ ನೋಡಿ ಬೇಸತ್ತ ದಿನ ನಾನು ಬಿಷಪ್ ಕಡೆ ವಾಲುತ್ತೇನೆ. ಆದರೆ ಸ್ಯಾಂಟಿಯಾಗೋ ಸಿಯೆರಾ ಎಂಬ ಕಲಾವಿದ ನೆನಪಾದರೆ ಹಾಗೆಯೇ ವಾಪಸ್ ಬರುತ್ತೇನೆ.

2000ದಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಸಿಯೆರಾ, ಹೆರಾಯಿನ್ ಚಟಕ್ಕೆ ಬಿದ್ದಿದ್ದ ನಾಲ್ವರು ಲೈಂಗಿಕ ಕಾರ್ಯಕರ್ತೆಯರನ್ನು ಸಾಲಾಗಿ ಕೂರಿಸಿ, ಅವರ ಬೆನ್ನುಗಳ ಮೇಲೆ 160 ಸೆಂಟಿಮೀಟರ್ ಉದ್ದದ ಒಂದೇ ಗೆರೆಯನ್ನು ಹಚ್ಚೆ ಹಾಕಿಸಿದ. ಕೂಲಿ, ಒಂದು ಡೋಸ್ ಹೆರಾಯಿನ್ನಿನ ಬೆಲೆ. ಹಣಕ್ಕೆ ಮೈ ಮಾರಿಸುವ ವ್ಯವಸ್ಥೆಯನ್ನು ಹಾಗ್ಹಾಗೇ ತೋರಿಸುವ ಕೃತಿ ಇದು ಎಂದು ಬೆಂಬಲಿಗರ ವಾದ. ತೋರಿಸುತ್ತದೆ, ಒಪ್ಪುತ್ತೇನೆ. ಒಂದು ನೇರ ಗೆರೆ ಇಷ್ಟು ಕ್ರೂರವಾಗಿ ಕಾಣಬಹುದೆಂದು ನನಗೆ ಗೊತ್ತಿರಲಿಲ್ಲ. ಆದರೆ ಡೋಸ್ ಬೇಕೇ ಬೇಕು ಎನ್ನುವ ಸ್ಥಿತಿಯಲ್ಲಿರುವವರು ‘ಹೂಂ’ ಎಂದರೆ ಅದು ಒಪ್ಪಿಗೆಯೇ? ವಿಡಿಯೊ ಇಂದು ಲಂಡನ್ನಿನ ಟೇಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ, ಕಲಾವಿದನ ಹೆಸರಿನಲ್ಲಿ. ಗೆರೆ ಮಾತ್ರ ಆ ಹೆಂಗಸರ ಬೆನ್ನಿನ ಮೇಲೆ. ಕೃತಿ ಬಲವಾಗಿದೆ ಎಂಬ ಕಾರಣಕ್ಕೇ ಅದನ್ನು ಕ್ಷಮಿಸಲು ನನಗೆ ಇನ್ನೂ ಕಷ್ಟ.

ಹಾಗಾದರೆ ನಾನು ನೋಡುವುದೇನನ್ನು? ಕೃತಿಯೊಳಗೆ ಸೇರಿದ ವ್ಯಕ್ತಿ ‘ಬೇಡ’ ಎಂದರೆ ಏನಾಗುತ್ತದೆ ಎಂಬುದನ್ನು. ಯುಕೆಲೀಸ್‌ಗೆ ಕೈ ಕೊಡದೆ ಸುಮ್ಮನೆ ಹೋದ ಕಾರ್ಮಿಕ ಕಳೆದುಕೊಳ್ಳುವುದು ಏನೂ ಇಲ್ಲ. ಕೆಲವೊಮ್ಮೆ ಆ ‘ಬೇಡ’ದಿಂದಲೇ ಕೃತಿ ಶುರುವಾಗುತ್ತದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ರಿಕ್ ಲೋ ಎಂಬ ಚಿತ್ರಕಾರನ ಸ್ಟುಡಿಯೋಗೆ ಬಂದ ಶಾಲಾ ಹುಡುಗನೊಬ್ಬ, ನಮ್ಮ ಕಷ್ಟ ನಮಗೆ ಗೊತ್ತು, ಅದನ್ನೇ ಬರೆದು ತೋರಿಸುವ ಬದಲು ಪರಿಹಾರ ಏನಾದರೂ ಸೃಷ್ಟಿಸಬಾರದೇ ಎಂದನಂತೆ. 1993ರಲ್ಲಿ ಲೋ ಮತ್ತು ಗೆಳೆಯರು ಅಲ್ಲಿನ ಕರಿಯರ ಬಡಾವಣೆಯ 22 ಪಾಳುಮನೆಗಳನ್ನು ದುರಸ್ತಿ ಮಾಡಹೊರಟರು. ಆಮೇಲೆ ಅಲ್ಲಿ ಕಲಾವಿದರೂ ಬಂದರು, ಒಂಟಿ ತಾಯಂದಿರೂ ಬಂದು ಬಾಳಿದರು.

ಇಷ್ಟೆಲ್ಲ ಹೇಳುವಾಗ ನನ್ನದೂ ಒಂದು ಹೇಳಬೇಕು. ಒಂದು ಗೋಡೆಚಿತ್ರಕ್ಕೆ ನಾನೂ ಕುಂಚ ಹಿಡಿದಿದ್ದೆ. ಆ ಬೀದಿಯವರದೇ ಮುಖಗಳು, ಅವರನ್ನು ಕೇಳಿಯೇ ಶುರುಮಾಡಿದ್ದು. ಮುಗಿಯುವ ಹೊತ್ತಿಗೆ ಅದರಲ್ಲಿದ್ದ ಒಬ್ಬ ಅಜ್ಜಿ ಬಂದು ಬಹಳ ಹೊತ್ತು ನೋಡಿದರು. “ಮುಖ ನಂದೇ ಕಣಪ್ಪ, ಚೆನ್ನಾಗಿ ಬಂದಿದೆ. ಆದ್ರೆ ಹರಕು ಸೀರೆ ಯಾಕೆ ಉಡಿಸಿದೀರಿ? ನನ್ನ ಹತ್ರ ಇಂಥದ್ದು ಇಲ್ಲವಲ್ಲ” ಎಂದರು. ನಾವು ನಕ್ಕು, ಅದು ಒಂದು ಭಾವ ಅಜ್ಜಿ, ಎಂದೇನೋ ವಿವರಿಸಿದೆವು. ಉದ್ಘಾಟನೆ ಮರುದಿನ ಇತ್ತು, ಅಟ್ಟಣಿಗೆ ಆಗಲೇ ಬಿಚ್ಚಿಯಾಗಿತ್ತು. ಸೀರೆ ಹಾಗೇ ಉಳಿಯಿತು.